ಶಾಲೆಯ ಮೊದಲ ದಿನದ ಎರಡು ಪಾಠಗಳು

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕಕ್ಕೆ ತುಮಕೂರಿಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಬೇರೆಯಾಗಿ ನಿಂತಿವೆ. ಮಳೆ ಕಡಿಮೆಯಾದ, ಕೆಂಪು ಮಣ್ಣಿನ, ಕಡಲೆಕಾಯಿಯನ್ನು ನಂಬಿದ ಸೀಮೆ ಇದು. ಬೇಸಗೆಯ ರಜೆ ಮುಗಿದು ಮೇ ತಿಂಗಳ ಕೊನೆಯಲ್ಲಿ ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಇಲ್ಲಿ ಮುಂಗಾರಿನ ಮೋಡಗಳನ್ನು ಎದುರುನೋಡುವ ಕಾಲವೂ ಒದಗುವುದು; ತಂದೆತಾಯಿಗಳ ಕಣ್ಣು ಆಕಾಶದ ಕಡೆಗೆ, ಮನಸ್ಸು ಬಿತ್ತನೆಯ ಬೀಜದ ಕಡೆಗೆ. ಅಂತಹ ಒಂದು ಬೆಳಗ್ಗೆ ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಯಾವುದೋ ಒಂದು ಹಟ್ಟಿಯಿಂದ ಆರು ವರ್ಷದ ಮಗುವೊಂದು ಅಕ್ಕನ ಕೈ ಹಿಡಿದು ಶಾಲೆಯ ಕಡೆಗೆ ಹೊರಡುತ್ತದೆ. ಆ ದಿನ ಆ ಮಗುವಿನ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಏನು ನಡೆಯುವುದು, ಉಪಾಧ್ಯಾಯರು ಆ ದಿನವನ್ನು ಹೇಗೆ ನಡೆಸಿದರೆ ಒಳ್ಳೆಯದು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ನಮ್ಮ ರಾಜ್ಯದಲ್ಲಿ ಈ ದಿನಕ್ಕೆ ‘ಶಾಲಾ ಪ್ರಾರಂಭೋತ್ಸವ’ ಎಂದು ಹೆಸರು. ಕೊಠಡಿಗಳನ್ನು ಗುಡಿಸಿ ಸಾರಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಮಕ್ಕಳಿಗೆ ಹೂವು ಕೊಟ್ಟು, ಸಿಹಿ ಹಂಚಿ, ಪಠ್ಯಪುಸ್ತಕಗಳನ್ನು ಕೈಗಿಡುವುದು ವಾಡಿಕೆ. ಕೆಲವು ಊರುಗಳಲ್ಲಿ ಮಕ್ಕಳನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಮೆರವಣಿಗೆ ಮಾಡುವುದೂ ಉಂಟು. ಕೇರಳದಲ್ಲಿ ಇದೇ ಬಗೆಯ ‘ಪ್ರವೇಶನೋತ್ಸವ’ ಜೂನ್ ತಿಂಗಳ ಆರಂಭದಲ್ಲಿ ನಡೆಯುವುದು. ಜರ್ಮನಿಯಲ್ಲಿ ಹೊಸ ವಿದ್ಯಾರ್ಥಿಯ ಕೈಗೆ ದೊಡ್ಡದೊಂದು ಕಾಗದದ ಶಂಕುವಿನಲ್ಲಿ ಮಿಠಾಯಿಯನ್ನೂ ಬಳಪವನ್ನೂ ತುಂಬಿ ಕೊಡುವ ಪದ್ಧತಿ ಸುಮಾರು ಇನ್ನೂರು ವರ್ಷ ಹಳೆಯದು. ನಮ್ಮ ಹಿರಿಯರ ಅಕ್ಷರಾಭ್ಯಾಸವನ್ನೂ ನೆನೆಯಬಹುದು: ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳನ್ನು ಹಿಡಿದು ಮೊದಲ ಅಕ್ಷರವನ್ನು ಬರೆಸುವುದು. ಈ ಶಾಸ್ತ್ರ ಎಲ್ಲ ಮನೆಗಳಿಗೂ ದೊರೆತಿರಲಿಲ್ಲವೆಂಬುದನ್ನು ಮರೆಯಬಾರದು; ಅಕ್ಷರವನ್ನೇ ದೂರವಿಟ್ಟಿದ್ದ ಜನರಿಗೆ ಅಕ್ಷರಾಭ್ಯಾಸವೆಲ್ಲಿಯದು? ಆದರೆ ಅದರಲ್ಲಿ ಮನಶ್ಶಾಸ್ತ್ರ ಒಪ್ಪುವ ಒಂದು ಸೂಕ್ಷ್ಮವಿದೆ. ಮೊದಲ ಅಕ್ಷರ ಮಗುವಿಗೆ ಬರುವುದು ಪರಿಚಿತವಾದ ತೊಡೆಯ ಮೇಲೆ, ಪರಿಚಿತವಾದ ಕೈಯ ಮೂಲಕ. ಶಾಲೆಯ ಮೊದಲ ದಿನದಲ್ಲಿ ಇಲ್ಲದಿರುವುದು ಈ ತೊಡೆಯೇ.

ಭಯವೆಂಬುದು ಬರಿಯ ಮನಸ್ಸಿನ ಮಾತಲ್ಲ. ಅದಕ್ಕೆ ದೇಹದಲ್ಲಿ ಒಂದು ಯಂತ್ರವಿದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಗಳಂತೆ ಎರಡು ಸಣ್ಣ ಗ್ರಂಥಿಗಳು ಕುಳಿತಿವೆ. ಗಾಬರಿಯಾದೊಡನೆ ಕ್ಷಣಮಾತ್ರದಲ್ಲಿ ಇವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಇದರಿಂದಲೇ. ಮಿದುಳಿನಿಂದ ಹೊರಟ ಇನ್ನೊಂದು ಆಜ್ಞೆಯ ಮೇರೆಗೆ ಇದೇ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುವುವು. ಇದು ನಿಧಾನದ ರಸ. ಗಾಬರಿಯಾದ ಇಪ್ಪತ್ತು ಮೂವತ್ತು ನಿಮಿಷಗಳ ಅನಂತರ ಅದರ ಪ್ರಮಾಣ ಶಿಖರಕ್ಕೇರುವುದು. ದೇಹದ ಮೇಲೆ ಬೀಳುವ ನಾನಾ ಬಗೆಯ ಆಘಾತಗಳಿಗೆ ದೇಹ ಒಂದೇ ರೀತಿಯಲ್ಲಿ ಉತ್ತರ ಕೊಡುವುದೆಂಬುದನ್ನು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ೧೯೩೬ರಲ್ಲಿ ತೋರಿಸಿಕೊಟ್ಟ ಮೇಲೆ ಈ ವಿಷಯದ ಅಭ್ಯಾಸ ಬಹುವಾಗಿ ಬೆಳೆದಿದೆ. ಕಾರ್ಟಿಸಾಲನ್ನು ಅಳೆಯಲು ಸೂಜಿ ಚುಚ್ಚಬೇಕಾಗಿಲ್ಲ. ಬಾಯಿಯ ಜೊಲ್ಲಿನಲ್ಲಿಯೇ ಅದು ಸಿಕ್ಕುವುದು. ಆದುದರಿಂದ ಅಮೆರಿಕ, ಇಂಗ್ಲೆಂಡ್ ದೇಶಗಳಲ್ಲಿ ಶಾಲೆಗೆ ಹೊಸದಾಗಿ ಬಂದ ಮಕ್ಕಳಲ್ಲಿ ಇದನ್ನು ಅಳೆದು ನೋಡಲು ಸಾಧ್ಯವಾಯಿತು. ಆರಂಭದ ದಿನಗಳಲ್ಲಿ ಅನೇಕ ಮಕ್ಕಳಲ್ಲಿ ಅದು ಏರುವುದೆಂದು ತಿಳಿದುಬಂದಿದೆ. ಇದರಲ್ಲಿ ಕುತೂಹಲಕರವಾದ ಒಂದಂಶವೆಂದರೆ, ಈ ಏರಿಕೆ ಅಳುಮುಖದ, ನಾಚಿಕೆಯ ಮಕ್ಕಳಲ್ಲಿ ಮಾತ್ರ ಕಂಡುದಲ್ಲ. ಚುರುಕಾಗಿ ಓಡಾಡಿ ಎಲ್ಲರೊಡನೆ ಬೆರೆಯುವ ಮಕ್ಕಳಲ್ಲಿಯೇ ಕೆಲವು ಸಲ ಹೆಚ್ಚಾಗಿ ಕಂಡಿದೆ. ಅಳದ ಮಗು ನೆಮ್ಮದಿಯಾಗಿದೆಯೆಂದು ಉಪಾಧ್ಯಾಯರು ಭಾವಿಸುವುದು ಸಹಜ; ಆದರೆ ಅದು ಯಾವಾಗಲೂ ನಿಜವಲ್ಲ.

ಭಯವಿದ್ದರೆ ತಾನೇ ಮಗು ಕಲಿಯುವುದು ಎಂದು ವಾದಿಸುವ ಹಿರಿಯರು ನಮ್ಮಲ್ಲಿ ಈಗಲೂ ಇಲ್ಲದಿಲ್ಲ. ಅವರ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವ ಮೊದಲು ಒಂದು ಹಳೆಯ ಪ್ರಯೋಗವನ್ನು ನೋಡಬೇಕು. ೧೯೦೮ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳಿಗೆ ಬಿಳಿಯ ಪೆಟ್ಟಿಗೆಯನ್ನೂ ಕರಿಯ ಪೆಟ್ಟಿಗೆಯನ್ನೂ ತೋರಿಸಿ, ಬಿಳಿಯದರೊಳಕ್ಕೆ ಹೋಗುವುದನ್ನು ಕಲಿಸಿದರು. ತಪ್ಪಿದ ಇಲಿಗೆ ವಿದ್ಯುತ್ತಿನ ಚುರುಕು. ಎರಡು ಪೆಟ್ಟಿಗೆಗಳ ವ್ಯತ್ಯಾಸ ಸ್ಪಷ್ಟವಾಗಿದ್ದಾಗ ಚುರುಕು ಹೆಚ್ಚಿದಷ್ಟೂ ಇಲಿಗಳು ಬೇಗ ಕಲಿತವು. ಬೆಳಕನ್ನು ತಗ್ಗಿಸಿ ವ್ಯತ್ಯಾಸವನ್ನು ಸೂಕ್ಷ್ಮ ಮಾಡಿದಾಗ ಕಥೆ ತಿರುಗಿತು: ಬಲವಾದ ಚುರುಕು ತಿಂದ ಇಲಿಗಳು ಮಂದವಾಗಿ ಕಲಿತವು. ಸುಲಭವಾದ ಪಾಠಕ್ಕೆ ಭಯ ನೆರವಾಗಬಹುದು, ಕಷ್ಟವಾದ ಪಾಠಕ್ಕೆ ಅದು ವೈರಿ. ಇಲಿಗಳ ಪ್ರಯೋಗವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಬಾರದೆಂಬುದು ನಿಜ. ಆದರೂ ಬೆತ್ತ ಹಿಡಿದ ಶಾಲೆ ‘ಯಶಸ್ವಿ’ಯಾಗಿ ಕಾಣುತ್ತಿದ್ದುದು ಏಕೆಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ. ಕೈ ಕಟ್ಟಿ ಕುಳಿತುಕೊಳ್ಳುವುದು ಸುಲಭವಾದ ಪಾಠ. ಬೆತ್ತ ಅದನ್ನು ಒಂದೇ ದಿನದಲ್ಲಿ ಕಲಿಸಿಬಿಡುತ್ತಿತ್ತು. ‘ಪ’ಕ್ಕೂ ‘ಷ’ಕ್ಕೂ ಇರುವ ವ್ಯತ್ಯಾಸವನ್ನು ಕಾಣುವುದು ಮಬ್ಬು ಬೆಳಕಿನ ಪೆಟ್ಟಿಗೆಗಳ ಪಾಠ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದು ಕರುಣೆಯ ಮಾತಷ್ಟೇ ಅಲ್ಲ, ಕಲಿಕೆಯ ಶಾಸ್ತ್ರದ ಮಾತೂ ಹೌದು.

ಹಾಗಾದರೆ ಮಗುವಿನ ಭಯ ಇಳಿಯುವುದು ಯಾವುದರಿಂದ? ಹಟ್ಟಿಯಲ್ಲಿ ಕುರಿಮರಿಯನ್ನು ನೋಡಿದವರಿಗೆ ಉತ್ತರ ಗೊತ್ತು. ತಾಯಿ ಹತ್ತಿರವಿರುವಾಗ ಮರಿ ನೆಗೆದು ದೂರ ಹೋಗುವುದು, ಹೊಸ ಸೊಪ್ಪನ್ನು ಮೂಸುವುದು, ಬೆದರಿದೊಡನೆ ಓಡಿಬಂದು ತಾಯಿಗೆ ಒರಗುವುದು; ತಾಯಿಯನ್ನು ಬೇರೆ ಮಾಡಿದರೆ ನಿಂತಲ್ಲಿಯೇ ನಿಂತು ಕೂಗುವುದು. ೧೯೫೪-೫೫ರಲ್ಲಿ ಉಗಾಂಡದ ಹಳ್ಳಿಗಳಲ್ಲಿ ಎಳೆಯ ಮಕ್ಕಳನ್ನು ಗಮನಿಸುತ್ತಿದ್ದ ಮೇರಿ ಐನ್ಸ್‌ವರ್ತ್ ಎಂಬ ವಿದುಷಿ ಮನುಷ್ಯರ ಕೂಸುಗಳಲ್ಲಿಯೂ ಇದನ್ನೇ ಕಂಡರು. ನಂಬಿದ ವ್ಯಕ್ತಿಯೊಬ್ಬರು ಕಣ್ಣಿಗೆ ಕಾಣುತ್ತಿರುವಾಗ ಮಾತ್ರ ಮಗು ಲೋಕವನ್ನು ಶೋಧಿಸಲು ಹೊರಡುತ್ತದೆ. ಅಂತಹ ವ್ಯಕ್ತಿ ಮಗುವಿಗೆ ಒಂದು ನೆಲೆ. ಶಾಲೆಯ ಗೇಟಿನ ಹೊರಗೆ ಹಳೆಯ ನೆಲೆ ನಿಂತುಬಿಡುವುದರಿಂದ ಒಳಗೆ ಹೊಸದೊಂದು ನೆಲೆ ಸಿಕ್ಕಬೇಕು. ಮೊದಲ ದಿನ ಮಗು ಕಲಿಯುವ ಪಾಠ ಇದೊಂದೇ: ಇಲ್ಲಿ ಅಂಥವರು ಯಾರಾದರೂ ಇದ್ದಾರೆಯೇ, ಇಲ್ಲವೇ?

ಈ ದೃಷ್ಟಿಯಿಂದ ನೋಡಿದರೆ ನಮ್ಮ ಪ್ರಾರಂಭೋತ್ಸವಗಳ ಕೆಲವು ಅಂಗಗಳು ಮಗುವಿಗೆ ಉಪಕಾರಕ್ಕಿಂತ ತೊಂದರೆಯನ್ನೇ ಮಾಡುತ್ತವೆಯೆಂದು ಹೇಳದೆ ವಿಧಿಯಿಲ್ಲ. ಧ್ವನಿವರ್ಧಕದ ಗದ್ದಲ, ಅತಿಥಿಗಳು ಬರುವವರೆಗೆ ಬಿಸಿಲಿನಲ್ಲಿ ಸಾಲು, ಬಂದ ಮೇಲೆ ಒಬ್ಬರಾದ ಮೇಲೊಬ್ಬರ ಭಾಷಣ, ಇವು ದೊಡ್ಡವರ ಹಬ್ಬ. ತೋರಣ ಇರಲಿ, ಸಿಹಿಯಂತೂ ಇರಲೇಬೇಕು. ಆದರೆ ಹೊಸ ಮಗುವಿಗೆ ಬೇಕಾದುದು ಬೆರಗಲ್ಲ, ಪರಿಚಯ. ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ, ಅಲ್ಲಿಗೆ ಹೋಗಬೇಕಾದರೆ ಯಾರನ್ನು ಏನೆಂದು ಕೇಳಬೇಕು, ಚಪ್ಪಲಿ ಎಲ್ಲಿ ಬಿಡಬೇಕು, ಊಟದ ತಟ್ಟೆ ಯಾವುದು ಎಂಬ ಈ ಐದಾರು ಸಂಗತಿಗಳನ್ನು ಉಪಾಧ್ಯಾಯರು ತಾವೇ ಕೈ ಹಿಡಿದು ನಡೆಸಿ ತೋರಿಸಿದರೆ ಅರ್ಧ ಭಯ ಕಳೆದಂತೆ. ಶೌಚಾಲಯದ ಮಾತು ಕೆಲವರಿಗೆ ಕ್ಷುಲ್ಲಕವಾಗಿ ತೋರಬಹುದು. ಕೇಳಲು ಬಾಯಿ ಬಾರದೆ ಬಟ್ಟೆ ಒದ್ದೆ ಮಾಡಿಕೊಂಡು ಸಹಪಾಠಿಗಳ ನಗೆಗೆ ಗುರಿಯಾದ ಮಗು ಮರುದಿನ ಹೊಟ್ಟೆನೋವೆಂದು ಮಲಗುವುದು. ಹೊಲದ ಕೆಲಸದ ಆತುರದಲ್ಲಿರುವ ಮನೆಯವರು ‘ಹೋಗಲಿ, ನಾಳೆ ಹೋಗುತ್ತಾನೆ’ ಎನ್ನುವರು. ನಾಳೆಗಳು ಕೂಡಿ ವಾರವಾಗುವುದು ಹೀಗೆಯೇ.

ಮಗುವನ್ನು ಬಿಟ್ಟುಹೋಗುವ ಕ್ರಮದಲ್ಲಿಯೂ ಒಂದು ವಿಧಿಯುಂಟು. ಮಗು ಆಟದಲ್ಲಿ ಮೈಮರೆತಾಗ ತಾಯಿ ಮೆಲ್ಲನೆ ಜಾರಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಅಂದಿಗೆ ಅಳು ತಪ್ಪಿತು, ನಿಜ. ಆದರೆ ಹಿಂದಿರುಗಿ ನೋಡಿದರೆ ಅಮ್ಮ ಮಾಯವಾಗಿರಬಹುದೆಂಬುದನ್ನು ಮಗು ಕಲಿತುಕೊಂಡಿತು. ಮರುದಿನ ಸೆರಗನ್ನು ಬಿಡುವುದೇ ಇಲ್ಲ. ಹೇಳಿಯೇ ಹೋಗಬೇಕು, ಚಿಕ್ಕದಾಗಿ ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ಆರು ವರ್ಷದ ಮಗುವಿಗೆ ‘ನಾಲ್ಕು ಗಂಟೆಗೆ ಬರುತ್ತೇನೆ’ ಎಂದರೆ ಅರ್ಥವಾಗದು. ‘ಉಂಡಮೇಲೆ ಇನ್ನೊಂದು ಆಟ ಆಡುವಿರಿ, ಆಮೇಲೆ ಗಂಟೆ ಹೊಡೆಯುತ್ತಾರೆ, ಆಗ ನಾನು ಬೇವಿನ ಮರದ ಕೆಳಗಿರುತ್ತೇನೆ’ ಎಂದರೆ ಅರ್ಥವಾಗುವುದು.

ಹಳ್ಳಿಯ ಚಿಕ್ಕ ಶಾಲೆಗೆ ಈ ವಿಷಯದಲ್ಲಿ ಪಟ್ಟಣದ ದೊಡ್ಡ ಶಾಲೆಗಿಲ್ಲದ ಒಂದು ಅನುಕೂಲವಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಉಪಾಧ್ಯಾಯರೇ ಮುಂದಾಗಿ ಆರಂಭಿಸಿದ ‘ನಲಿ-ಕಲಿ’ ಪದ್ಧತಿ ೨೦೦೯-೧೦ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಅದರಲ್ಲಿ ಕೆಳಗಿನ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಗೋಡೆಯ ಮೇಲಿನ ಕಲಿಕೆಯ ಏಣಿಯನ್ನು ನೋಡಿಕೊಂಡು, ಕಾರ್ಡುಗಳನ್ನು ತಾವೇ ಎತ್ತಿಕೊಂಡು ಕಲಿಯುವರು. ತಲೆಯ ಮೇಲೆ ದಾರದ ಚಪ್ಪರದಲ್ಲಿ ಅವರು ಬರೆದ ಚಿತ್ರಗಳು ತೂಗುವುವು. ಒಬ್ಬರೇ ಉಪಾಧ್ಯಾಯರಿಗೆ ಮೂರು ತರಗತಿಗಳ ಭಾರವನ್ನು ಹೊರಿಸಲು ಇದು ನೆಪವಾಗಿದೆಯೆಂಬ ದೂರು ಇದೆ. ಆ ದೂರಿನಲ್ಲಿ ಹುರುಳೂ ಇದೆ. ಆದರೆ ಮೊದಲ ದಿನದ ಮಟ್ಟಿಗೆ ಈ ಏರ್ಪಾಡು ವರವೇ ಸರಿ. ಹೊಸ ಮಗು ತನ್ನಷ್ಟೇ ಕಂಗಾಲಾದ ನಲವತ್ತು ಮಕ್ಕಳ ನಡುವೆ ಕೂರಬೇಕಾಗಿಲ್ಲ. ಮೂರನೆಯ ತರಗತಿಯ ಅಕ್ಕ ಅದೇ ಕೋಣೆಯಲ್ಲಿದ್ದಾಳೆ. ಮೊದಲ ವಾರ ಅಕ್ಕನ ಪಕ್ಕದಲ್ಲಿ ಕೂರಲು ಬಿಟ್ಟರೆ ಯಾವ ನಿಯಮವೂ ಕೆಡುವುದಿಲ್ಲ.

ಇನ್ನು ಭಾಷೆ. ಪಾವಗಡ ತಾಲ್ಲೂಕನ್ನು ಆಂಧ್ರಪ್ರದೇಶದ ನೆಲ ಬಹುಪಾಲು ಸುತ್ತುವರಿದಿದೆ. ಅಲ್ಲಿನ ಅನೇಕ ಮನೆಗಳಲ್ಲಿ ಮಾತು ತೆಲುಗು. ತಾಂಡಾಗಳ ಮಕ್ಕಳು ಲಂಬಾಣಿ ಮಾತಾಡುವರು, ಶಿರಾ ಪಟ್ಟಣದ ಎಷ್ಟೋ ಮಕ್ಕಳು ಉರ್ದು. ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವಿಗೂ ‘ಎಲ್ಲರೂ ಪುಸ್ತಕವನ್ನು ತೆರೆಯಿರಿ’ ಎಂಬ ಗ್ರಂಥದ ಕನ್ನಡ ಹೊಸದೇ. ಮಗುವಿನ ಮೊದಲ ಓದು ಅದರ ಮನೆಯ ಮಾತಿನಲ್ಲಿ ಆಗಬೇಕೆಂದು ಯುನೆಸ್ಕೋದ ತಜ್ಞರು ೧೯೫೩ರಷ್ಟು ಹಿಂದೆಯೇ ವಾದಿಸಿದ್ದರು. ಅದೆಲ್ಲ ಸರ್ಕಾರದ ಮಟ್ಟದಲ್ಲಿ ತೀರ್ಮಾನವಾಗಬೇಕಾದ ಮಾತು. ಮೊದಲ ದಿನ ಉಪಾಧ್ಯಾಯರ ಕೈಯಲ್ಲಿರುವುದು ಚಿಕ್ಕದು: ಬಾ, ಕೂತುಕೋ, ನೀರು ಬೇಕೆ, ಹಸಿವೆಯೇ, ಅಮ್ಮ ಬರುತ್ತಾಳೆ ಎಂಬ ಐದು ಮಾತುಗಳನ್ನು ಆ ಮಗುವಿನ ಭಾಷೆಯಲ್ಲಿ ಕಲಿತಿಟ್ಟುಕೊಳ್ಳುವುದು. ಅಡಿಗೆಯ ಸಹಾಯಕಿಯನ್ನು ಕೇಳಿದರೆ ಕಾಲು ಗಂಟೆಯಲ್ಲಿ ಕಲಿಸಿಕೊಡುವಳು.

ಇಲ್ಲಿಯವರೆಗೆ ಮಗುವಿನ ಪಾಠವಾಯಿತು. ಅದೇ ದಿನ ಅದೇ ಕೋಣೆಯಲ್ಲಿ ಇನ್ನೊಂದು ಪಾಠ ನಡೆಯುವುದು. ಅದನ್ನು ಕಲಿಯುವವರು ಉಪಾಧ್ಯಾಯರು; ಕಲಿಯುತ್ತಿದ್ದೇವೆಂಬುದು ಅವರಿಗೇ ತಿಳಿದಿರುವುದಿಲ್ಲ.

ಕ್ಯಾಲಿಫೋರ್ನಿಯದ ಒಂದು ಪ್ರಾಥಮಿಕ ಶಾಲೆಯಲ್ಲಿ ರಾಬರ್ಟ್ ರೋಸೆಂತಾಲ್ ಎಂಬ ಮನಶ್ಶಾಸ್ತ್ರಜ್ಞರೂ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಲೆನೋರ್ ಜೇಕಬ್ಸನ್ನರೂ ಕೂಡಿ ನಡೆಸಿದ ಪ್ರಯೋಗವೊಂದು ೧೯೬೮ರಲ್ಲಿ ಪುಸ್ತಕವಾಗಿ ಬಂದು ಬಹಳ ಸದ್ದು ಮಾಡಿತು. ಅವರು ಮಕ್ಕಳಿಗೆಲ್ಲ ಒಂದು ಬುದ್ಧಿಪರೀಕ್ಷೆ ಕೊಟ್ಟು, ಅನಂತರ ಪ್ರತಿಯೊಂದು ತರಗತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಮಕ್ಕಳ ಹೆಸರನ್ನು ಉಪಾಧ್ಯಾಯರಿಗೆ ತಿಳಿಸಿ, ‘ಇವರು ಈ ವರ್ಷ ಚೆನ್ನಾಗಿ ಮುಂದುವರಿಯುವ ಲಕ್ಷಣವಿದೆ’ ಎಂದರು. ನಿಜವಾಗಿ ಆ ಹೆಸರುಗಳನ್ನು ಆರಿಸಿದ್ದು ಚೀಟಿ ಎತ್ತಿದಂತೆ, ಯಾವ ಲಕ್ಷಣವನ್ನೂ ನೋಡದೆ. ವರ್ಷದ ಕೊನೆಗೆ ಮತ್ತೆ ಪರೀಕ್ಷೆ ಮಾಡಿದಾಗ ಒಂದನೆಯ ತರಗತಿಯಲ್ಲಿ ಉಳಿದ ಮಕ್ಕಳು ಸರಾಸರಿ ೧೨ ಅಂಕ ಏರಿದ್ದರೆ ಹೆಸರು ಹೇಳಿದ್ದ ಮಕ್ಕಳು ೨೭ ಅಂಕ ಏರಿದ್ದರು. ಮೇಲಿನ ತರಗತಿಗಳಲ್ಲಿ ಇಂತಹ ವ್ಯತ್ಯಾಸ ಹೆಚ್ಚಾಗಿ ಕಾಣಲಿಲ್ಲ.

ಈ ಪ್ರಯೋಗವನ್ನು ಟೀಕಿಸಿದವರು ಬಹಳ ಮಂದಿ. ಪರೀಕ್ಷೆಯೇ ಚಿಕ್ಕ ಮಕ್ಕಳಿಗೆ ಹೊಂದುವಂಥದಲ್ಲವೆಂದು ಕೆಲವರು, ಮತ್ತೆ ಮಾಡಿದರೆ ಅಂತಹ ಫಲ ಬರಲಿಲ್ಲವೆಂದು ಕೆಲವರು. ಈ ಗೊಂದಲವನ್ನು ಬಿಡಿಸಿದ್ದು ೧೯೮೪ರಲ್ಲಿ ಸ್ಟೀಫನ್ ರಾಡೆನ್‌ಬುಶ್ ಎಂಬುವರು ಇಂತಹ ೧೮ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದ ಲೆಕ್ಕ. ಉಪಾಧ್ಯಾಯರಿಗೆ ಆ ಮಕ್ಕಳ ಪರಿಚಯವಾಗಿ ಎರಡು ವಾರಗಳಿಗಿಂತ ಹೆಚ್ಚಾಗಿದ್ದಲ್ಲಿ ಹೊರಗಿನವರ ಮಾತು ಹೆಚ್ಚುಕಡಮೆ ಯಾವ ಪರಿಣಾಮವನ್ನೂ ಮಾಡಿರಲಿಲ್ಲ. ಪರಿಚಯ ಎರಡು ವಾರಕ್ಕೆ ಕಡಿಮೆಯಿದ್ದಲ್ಲಿ ಪರಿಣಾಮ ಸ್ಪಷ್ಟವಾಗಿತ್ತು. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎರಡು ವಾರಗಳೊಳಗೆ ಉಪಾಧ್ಯಾಯರ ಮನಸ್ಸಿನಲ್ಲಿ ಪ್ರತಿಯೊಂದು ಮಗುವಿನ ಚಿತ್ರವೂ ಬರೆದು ಮುಗಿದಿರುತ್ತದೆ. ಆಮೇಲೆ ಅದನ್ನು ತಿದ್ದುವುದು ಕಷ್ಟ. ಆ ಚಿತ್ರದ ಮೊದಲ ಗೆರೆ ಬೀಳುವುದು ಮೊದಲ ದಿನ.

ಹುಲಿಕುಂಟೆಯಂತಹ ಕಡೆ ಆ ಗೆರೆಯನ್ನು ಎಳೆಯುವ ಕೈಗಳು ಬಹಳ. ‘ಇವನ ಅಣ್ಣನನ್ನು ನೋಡಿದ್ದೀರಲ್ಲ ಸಾರ್, ಇವನೂ ಅಷ್ಟೇ’ ಎಂದು ಕರೆತಂದವರೇ ಹೇಳುವರು. ಯಾವ ಹಟ್ಟಿ, ಯಾವ ತಾಂಡಾ, ಯಾವ ಕೇರಿ ಎಂಬುದು ದಾಖಲೆಯ ಪುಸ್ತಕದಲ್ಲಿಯೇ ಇರುವುದು. ಎಲ್ಲಕ್ಕಿಂತ ಮೋಸದ ಸಂಗತಿ ಹೆಸರಿನದು. ತನ್ನ ಹೆಸರಿನ ಧ್ವನಿಯನ್ನು ಬೇರೆ ಹೆಸರುಗಳಿಂದ ಬೇರ್ಪಡಿಸಿ ಗುರುತಿಸುವ ಶಕ್ತಿ ನಾಲ್ಕೂವರೆ ತಿಂಗಳ ಕೂಸಿಗೇ ಇದೆಯೆಂದು ೧೯೯೫ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿದುಬಂದಿದೆ. ಆದರೆ ಯಾವ ಹೆಸರು? ದಾಖಲೆಯಲ್ಲಿ ಚಿತ್ರಲಿಂಗಪ್ಪನೆಂದೋ ಮಹಾಲಕ್ಷ್ಮಿಯೆಂದೋ ಬರೆದಿರುವ ಮಗುವನ್ನು ಮನೆಯಲ್ಲಿ ಆರು ವರ್ಷ ಗುಂಡ, ಪಾಪು, ಚಿನ್ನಿ ಎಂದು ಕರೆದಿರುತ್ತಾರೆ. ಹಾಜರಿ ಕೂಗಿದಾಗ ಮಗು ಸುಮ್ಮನೆ ಕುಳಿತಿರುತ್ತದೆ. ಅದು ತನ್ನ ಹೆಸರೆಂದು ಅದಕ್ಕೆ ಗೊತ್ತೇ ಇಲ್ಲ. ಎರಡನೆಯ ಸಲ ಕೂಗಿದಾಗಲೂ ಸುಮ್ಮನೆ. ಪಕ್ಕದ ಮಗು ತಿವಿಯುತ್ತದೆ, ಕೋಣೆ ನಗುತ್ತದೆ, ಉಪಾಧ್ಯಾಯರ ಮನಸ್ಸಿನಲ್ಲಿ ‘ಸ್ವಲ್ಪ ಮಂದ’ ಎಂಬ ಗೆರೆ ಬಿದ್ದುಹೋಗುತ್ತದೆ. ಶಾಲೆ ತೆರೆಯುವ ಮುಂಚಿನ ವಾರ ಅಂಗನವಾಡಿಯ ಕಾರ್ಯಕರ್ತೆಯ ಬಳಿ ಅರ್ಧ ಗಂಟೆ ಕುಳಿತು, ಬರುವ ಪ್ರತಿ ಮಗುವಿನ ಎರಡು ಹೆಸರುಗಳನ್ನೂ, ಅದಕ್ಕೆ ಏನು ಇಷ್ಟವೆಂಬುದನ್ನೂ ಗುರುತು ಹಾಕಿಕೊಂಡು ಬಂದರೆ ಈ ಅನ್ಯಾಯ ತಪ್ಪುವುದು. ಬಾಗಿಲಲ್ಲಿ ನಿಂತು ‘ಬಾ ಚಿನ್ನಿ, ನಿನ್ನ ಮೇಕೆಮರಿ ಹೇಗಿದೆ?’ ಎಂದು ಕೇಳುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ಬಾಗಿಲಲ್ಲಿ ಹೆಸರು ಹಿಡಿದು ಸ್ವಾಗತಿಸುವುದರ ಫಲವನ್ನೂ ಅಮೆರಿಕದಲ್ಲಿ ಅಳೆದು ನೋಡಿದ್ದಾರೆ: ೨೦೧೮ರಲ್ಲಿ ಪ್ರಕಟವಾದ, ಹತ್ತು ತರಗತಿಗಳಲ್ಲಿ ನಡೆದ ಪ್ರಯೋಗದಲ್ಲಿ ಮಕ್ಕಳು ಪಾಠದಲ್ಲಿ ತೊಡಗಿರುವ ವೇಳೆ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿತು. ಅವರು ಸ್ವಲ್ಪ ದೊಡ್ಡ ಮಕ್ಕಳು. ಚಿಕ್ಕವರಿಗೆ ಇದು ಇನ್ನೂ ಹೆಚ್ಚಾಗಿ ಬೇಕೆಂಬುದು ನನ್ನ ಊಹೆ.

ಟೋಕಿಯೋದ ತೋಮೋಯೆ ಶಾಲೆಯ ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿಯವರ ಪ್ರಸಂಗ ಇಲ್ಲಿ ನೆನಪಿಗೆ ಬರುವುದು. ಬೇರೊಂದು ಶಾಲೆಯ ಒಂದನೆಯ ತರಗತಿಯಿಂದಲೇ ಹೊರದೂಡಲ್ಪಟ್ಟ ಹುಡುಗಿಯೊಬ್ಬಳು ಅವರ ಬಳಿಗೆ ಬಂದಳು. ಅವರು ತಾಯಿಯನ್ನು ಕಳುಹಿಸಿಬಿಟ್ಟು, ಕುರ್ಚಿಯನ್ನು ಎದುರಿಗೆಳೆದುಕೊಂಡು, ಮಗುವಿಗೆ ಹೇಳಲು ಇನ್ನೇನೂ ಉಳಿಯದವರೆಗೆ ಕೇಳುತ್ತ ಕುಳಿತರು. ನಾಲ್ಕು ಗಂಟೆಗಳು ಕಳೆದುವು. ಆ ಹುಡುಗಿ ತೆತ್ಸುಕೊ ಕುರೋಯಾನಾಗಿ. ೧೯೮೧ರಲ್ಲಿ ಆಕೆ ಬರೆದ ‘ತೊತ್ತೋ-ಚಾನ್’ ಕನ್ನಡಕ್ಕೂ ಬಂದಿದೆ. ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಮೇಷ್ಟರಿಗೆ ನಾಲ್ಕು ಗಂಟೆ ಎಲ್ಲಿಂದ ಬರಬೇಕು? ಆದರೆ ಮೊದಲ ತರಗತಿಗೆ ಸೇರುವ ಮಕ್ಕಳು ಇಂತಹ ಶಾಲೆಗಳಲ್ಲಿ ಅನೇಕ ವೇಳೆ ಬೆರಳೆಣಿಕೆಯವರು. ತಲೆಗೆ ನಾಲ್ಕು ನಿಮಿಷವಾದರೂ ಸಿಕ್ಕುವುದು. ಬಿಸಿಯೂಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತರೆ ಅದೇ ಸಾಕು. ಉಣ್ಣುವಾಗ ಮಕ್ಕಳು ತಾವಾಗಿಯೇ ಮಾತಿಗಿಳಿಯುವರು.

ಮೊದಲ ದಿನವೆಂಬುದು ಪಂಚಾಂಗದ ಒಂದೇ ದಿನವಲ್ಲವೆಂಬುದನ್ನು ಕೊರೋನಾ ಪಿಡುಗು ತೋರಿಸಿಕೊಟ್ಟಿತು. ೨೦೨೦ರಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸಿದ್ದ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆಯ ಕೋಣೆ ತೆರೆದದ್ದು ೨೦೨೧ರ ಅಕ್ಟೋಬರ್ ೨೫ರಂದು. ಆಗ ಅವರು ಎರಡನೆಯ ತರಗತಿಯವರು. ಅಂತಹ ಮಹಾಮಾರಿ ಇಲ್ಲದೆಯೂ ಈ ಸೀಮೆಯಲ್ಲಿ ಪ್ರತಿ ವರ್ಷ ತಡವಾಗಿ ಬರುವ ಮಕ್ಕಳಿದ್ದಾರೆ. ಕೂಲಿಗಾಗಿ ತಂದೆತಾಯಿಗಳೊಡನೆ ಬೆಂಗಳೂರಿನ ಕಡೆಗೆ ಹೋಗಿದ್ದವರು ಮಳೆ ಬಿದ್ದ ಸುದ್ದಿ ಕೇಳಿ ಬಿತ್ತನೆಗೆ ಹಿಂದಿರುಗುವುದು ಜೂನ್ ಕಳೆದ ಮೇಲೆ. ಅವಧಿ ಮೀರಿ ಬಂದರೂ ಸೇರಿಸಿಕೊಳ್ಳದಿರಲು ಅವಕಾಶವಿಲ್ಲವೆಂದು ಶಿಕ್ಷಣ ಹಕ್ಕು ಕಾಯಿದೆಯ ೧೫ನೆಯ ಪ್ರಕರಣ ಹೇಳುತ್ತದೆ; ವಯಸ್ಸಿನ ದಾಖಲೆ ಇಲ್ಲವೆಂದು ಹಿಂದಕ್ಕೆ ಕಳುಹಿಸುವಂತೆಯೂ ಇಲ್ಲ. ಅಂತಹ ಮಗು ಬರುವ ದಿನ ತೋರಣ ಒಣಗಿ ಉದುರಿರುತ್ತದೆ, ಸಿಹಿ ಮುಗಿದಿರುತ್ತದೆ, ಗೋಡೆಯ ಪಟ್ಟಿಯಲ್ಲಿ ಎಲ್ಲರ ಹೆಸರಿದ್ದು ಅದರದು ಮಾತ್ರ ಇರುವುದಿಲ್ಲ. ಅದರ ಜೊತೆಗೆ ಅಳುವವರೂ ಯಾರೂ ಇಲ್ಲ. ಉಳಿದವರೆಲ್ಲ ಆಗಲೇ ಶಾಲೆಯವರು. ಆದುದರಿಂದ ಮೇ ತಿಂಗಳಲ್ಲಿ ಪಟ್ಟಿ ಬರೆಯುವಾಗಲೇ ಕೆಳಗೆ ನಾಲ್ಕೈದು ಸಾಲು ಖಾಲಿ ಬಿಡುವುದು ಒಳ್ಳೆಯದು. ಮಗು ಬಂದ ದಿನ ಅದರ ಎದುರಿಗೇ ಹೆಸರು ಬರೆದು, ನೀರು, ಶೌಚಾಲಯ, ತಟ್ಟೆಗಳನ್ನು ತೋರಿಸಲು ಅದೇ ಕೇರಿಯ ಮಗುವೊಂದನ್ನು ಜೊತೆ ಮಾಡಬೇಕು. ಸಂಜೆ ಗಂಟೆ ಹೊಡೆದಾಗ ಆ ಮಗುವಿನೊಡನೆ ಗೇಟಿನವರೆಗೆ ನಡೆದುಹೋಗಿ, ‘ನಾಳೆ ನಿನ್ನ ಜಾಗ ಇಲ್ಲಿಯೇ ಇರುತ್ತದೆ’ ಎಂದು ಹೇಳಿಬರಬೇಕು.